ಕೊಯ್ಯುವುದನ್ನು ಕಲಿಸುವ ಚಿತ್ರಪಟ: ನನ್ನ ಅನುಭವ

ಹಲವರು ಸೇರಿ ನೋಡಿಕೊಳ್ಳುವ ಕೈತೋಟಕ್ಕೆ ನಾನು ಚಿತ್ರಪಟ ಬರೆದುಕೊಡುತ್ತೇನೆ. ಪುದೀನ, ಕೊತ್ತಂಬರಿ, ರೋಸ್‌ಮೆರಿಯಂಥ ಗಿಡಗಳನ್ನು ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಪಟಗಳು. ಕೊಯ್ಯಲು ಮಕ್ಕಳೂ ಬರುತ್ತಾರೆ, ಓದು ಬಾರದವರೂ ಬರುತ್ತಾರೆ. ಹಾಗಾಗಿ ಮಾತು ಕಡಿಮೆ, ಗೆರೆ ಜಾಸ್ತಿ.

ಗಿಡಕ್ಕೊಂದು ಪಟ ಅಂತ ಹೊರಟರೆ ಕೆಲಸ ಮುಗಿಯುವುದೇ ಇಲ್ಲ. ಗಿಡ ಎಲ್ಲಿಂದ ಮತ್ತೆ ಬೆಳೆಯುತ್ತದೆ ಅಂತ ನೋಡಿ ಗುಂಪು ಮಾಡಿದೆ. ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆ ಗೆಣ್ಣಿನಲ್ಲಿ ಚಿಗುರುತ್ತವೆ. ಕೊತ್ತಂಬರಿ, ಪಾರ್ಸ್ಲಿ ನಡುವಿನ ಸುಳಿಯಿಂದ ಹೊಸ ಎಲೆ ಬಿಡುತ್ತವೆ. ರೋಸ್‌ಮೆರಿ, ಥೈಮ್ ಬುಡದಲ್ಲಿ ಕಟ್ಟಿಗೆಯಾಗುತ್ತವೆ, ಮೇಲಿನ ಹಸಿರು ಭಾಗವನ್ನಷ್ಟೇ ಕೊಯ್ಯಬೇಕು. ಎಲೆಯಿಲ್ಲದ ಹಳೆ ಕಟ್ಟಿಗೆಯವರೆಗೆ ಕತ್ತರಿಸಿದರೆ ರೋಸ್‌ಮೆರಿ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಮೂರು ಗುಂಪು, ಮೂರು ಪಟ.

ಗೆಣ್ಣಿನ ಪಟಕ್ಕೇ ನನ್ನ ಹೆಚ್ಚು ಸಮಯ ಹೋಯಿತು. ಜೋಡಿ ಎಲೆಗಳ ಬುಡದಲ್ಲಿ ಎರಡು ಪುಟ್ಟ ಮೊಳಕೆಗಳು ಕೂತಿರುತ್ತವೆ. ತುದಿಯ ಕುಡಿ ಇರುವ ತನಕ ಅದು ಇವನ್ನು ಬೆಳೆಯಲು ಬಿಡುವುದಿಲ್ಲ. ಕುಡಿ ಹೋದರೆ ಎರಡೂ ಎದ್ದು ಬರುತ್ತವೆ. ಈ ಮೊಳಕೆಯನ್ನು ನಿಜಕ್ಕಿಂತ ದಪ್ಪಗೆ ಬರೆದೆ, ಅದರ ಸ್ವಲ್ಪ ಮೇಲೆ ಕತ್ತರಿ ಇಟ್ಟೆ. ಪಕ್ಕದಲ್ಲಿ ಅದೇ ಕಾಂಡ, ಎರಡು ಕವಲು ಒಡೆದಿರುವುದು. ನನ್ನ ಪ್ರಕಾರ ಈ ಎರಡನೇ ಚಿತ್ರವೇ ಮುಖ್ಯ. ಅದಿಲ್ಲದಿದ್ದರೆ ಜನ ಗಿಡಕ್ಕೆ ನೋವಾಗುತ್ತೆ ಅಂತ ಹೆದರಿ, ಕೆಳಗಿನ ದೊಡ್ಡ ಎಲೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಾರೆ. ಗಿಡಕ್ಕೆ ಆಹಾರ ಮಾಡಿಕೊಡುವುದು ಅವೇ ಅಲ್ವಾ?

ತಪ್ಪು ಚಿತ್ರ ಬರೆದು ಮೇಲೆ ಅಡ್ಡಗೆರೆ ಎಳೆಯುವುದು ನನಗೆ ಇಷ್ಟವಿಲ್ಲ. ಕಣ್ಣು ಮೊದಲು ಹಿಡಿಯುವುದು ಚಿತ್ರವನ್ನು, ಗೆರೆಯನ್ನಲ್ಲ. ಸರಿಯಾದದ್ದನ್ನಷ್ಟೇ ತೋರಿಸುತ್ತೇನೆ.

ಫೋಟೋ ಹಾಕಿದರೆ ಸಾಲದಾ ಅಂತ ಕೇಳುತ್ತಾರೆ. ಫೋಟೋದಲ್ಲಿ ನೆರಳು, ಮಣ್ಣು, ಹಿಂದಿನ ಎಲೆ ಎಲ್ಲವೂ ಇರುತ್ತದೆ, ಎಲ್ಲಿ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಫೋಟೋ ಮೇಲೆ ತೆಳು ಹಾಳೆ ಇಟ್ಟು, ಬೇಕಾದ ಗೆರೆಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ. ಗಿಡ ಗುರುತಿಸಲು ಮಾತ್ರ ಮೂಲೆಯಲ್ಲಿ ಸಣ್ಣ ಫೋಟೋ ಬೇಕೇ ಬೇಕು. ಪಾರ್ಸ್ಲಿಯನ್ನೂ ಕೊತ್ತಂಬರಿಯನ್ನೂ ಗೆರೆಯಲ್ಲಿ ಬೇರೆ ಮಾಡಿ ತೋರಿಸುವುದು ಕಷ್ಟ.

ಕತ್ತರಿಸುವ ಜಾಗಕ್ಕೆ ಕೆಂಪು ಗೆರೆ ಹಾಕುವುದಿಲ್ಲ. ಕೆಂಪು ಹಸಿರು ಬೇರೆಯಾಗಿ ಕಾಣದವರು ಇದ್ದಾರೆ, ಗಂಡಸರಲ್ಲಿ ಜಾಸ್ತಿ. ದಪ್ಪನೆಯ ಕಪ್ಪು ತುಂಡುಗೆರೆ, ತುದಿಯಲ್ಲಿ ಕತ್ತರಿ. ಜೆರಾಕ್ಸ್ ಮಾಡಿದರೂ ಉಳಿಯುತ್ತದೆ.

ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯಬಾರದು ಅನ್ನುವುದು ರೂಢಿ. ಪುದೀನಕ್ಕಾದರೆ ಮೇಲಿನ ಭಾಗಕ್ಕೆ ಬಣ್ಣ ತುಂಬಿದರೆ ಸಾಕು. ಪಾರ್ಸ್ಲಿಗೆ ಹಾಗೆ ಮಾಡಿದರೆ ತಲೆಯನ್ನೇ ಕತ್ತರಿಸಿಬಿಡುತ್ತಾರೆ. ಅದನ್ನು ಮೇಲಿನಿಂದ ನೋಡಿದಂತೆ ದುಂಡಗೆ ಬರೆದು, ಅಂಚಿನ ಕೆಲವು ದಂಟುಗಳಿಗೆ ಬಣ್ಣ ಹಾಕಿದೆ, ಸುಳಿಯನ್ನು ಬಿಳಿಯಾಗಿ ಬಿಟ್ಟೆ. ದಂಟನ್ನು ಬುಡದಲ್ಲಿ ಕತ್ತರಿಸುವ ಚಿತ್ರ ಅದರ ಕೆಳಗೆ.

ಪರೀಕ್ಷೆ ಸುಲಭ. ಪಟವನ್ನೂ ಕತ್ತರಿಯನ್ನೂ ಹೊಸಬರ ಕೈಗೆ ಕೊಟ್ಟು ಸುಮ್ನೆ ನಿಲ್ಲುವುದು. ಬಾಯಿ ಬಿಡಬಾರದು, ಅದೇ ಕಷ್ಟ! ಕೆಲವರು ಪುದೀನದ ಗೆಣ್ಣು ಹುಡುಕುವ ಬದಲು, ಚಿತ್ರದಲ್ಲಿ ಗೆರೆ ಮಣ್ಣಿನಿಂದ ಎಷ್ಟು ಎತ್ತರಕ್ಕಿದೆ ಅಂತ ಅಳೆಯುತ್ತಿದ್ದರು. ಈಗ ಒಂದೇ ಪಟದಲ್ಲಿ ಒಂದು ಉದ್ದ ಕಾಂಡ, ಒಂದು ಗಿಡ್ಡ ಕಾಂಡ ಬರೆಯುತ್ತೇನೆ. ಗೆರೆ ಬೇರೆ ಬೇರೆ ಎತ್ತರದಲ್ಲಿ, ಆದರೆ ಎರಡರಲ್ಲೂ ಜೋಡಿ ಎಲೆಯ ಮೇಲೇ. ಆಮೇಲೆ ಎತ್ತರ ಅಳೆಯುವವರು ಕಡಿಮೆಯಾದರು.

ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕೊಯ್ಯುವುದು ಒಳ್ಳೆಯದು. ಇದನ್ನು ಚಿತ್ರದಲ್ಲಿ ಹೇಳಲು ಆಗಲಿಲ್ಲ, ಅರ್ಧ ಸೂರ್ಯ ಬರೆದರೆ ಬೆಳಗೋ ಸಂಜೆಯೋ ಯಾರಿಗೆ ಗೊತ್ತು? "ಬೆಳಿಗ್ಗೆ" ಅಂತ ಬರೆದುಬಿಟ್ಟೆ.

ಪಟಕ್ಕೆ ಹೊಳಪಿಲ್ಲದ ಲ್ಯಾಮಿನೇಷನ್ ಮಾಡಿಸಿ, ಗಿಡದ ಪಕ್ಕದ ಗೂಟಕ್ಕೆ ಕಟ್ಟುತ್ತೇನೆ. ಹೊಳಪಿದ್ದರೆ ಬಿಸಿಲಿಗೆ ಏನೂ ಕಾಣುವುದಿಲ್ಲ. ಕತ್ತರಿಯನ್ನೂ ಅದೇ ಗೂಟಕ್ಕೆ ದಾರ ಕಟ್ಟಿ ನೇತುಹಾಕಬೇಕು. ಇಲ್ಲದಿದ್ದರೆ ಕೈಯಲ್ಲೇ ಜಗ್ಗುತ್ತಾರೆ, ಎಳೆಯ ಥೈಮ್ ಬೇರು ಸಮೇತ ಬಂದುಬಿಡುತ್ತದೆ.