ಸೈಕಲ್ ಚೈನ್ ಸಣ್ಣ ಸ್ಪ್ರಾಕೆಟ್‌ಗೆ ಇಳಿಯದಿದ್ದರೆ ಕೇಬಲ್ ಔಟರ್ ನೋಡಿ

ನನ್ನ ಸೈಕಲ್‌ನ ಹಿಂದಿನ ಗೇರಿನಲ್ಲಿ ಚೈನ್ ದೊಡ್ಡ ಸ್ಪ್ರಾಕೆಟ್‌ಗೆ (ಹಿಂದಿನ ಚಕ್ರದ ಹಲ್ಲಿನ ಗಾಲಿ) ಸಲೀಸಾಗಿ ಹತ್ತುತ್ತಿತ್ತು. ಸಣ್ಣದಕ್ಕೆ ಮಾತ್ರ ಇಳಿಯುತ್ತಿರಲಿಲ್ಲ. ನಾಲ್ಕೈದು ಸಲ ಪೆಡಲ್ ತುಳಿದ ಮೇಲೆ ಧಡಕ್ಕನೆ ಬೀಳುತ್ತಿತ್ತು.

ಗೇರ್ ಕೇಬಲ್‌ನ ಬಿಗಿತ ಹೊಂದಿಸುವ ಬ್ಯಾರಲ್ ಅಡ್ಜಸ್ಟರ್ ತಿರುಗಿಸಿದೆ. ಇಳಿಯೋದು ಸರಿಹೋದರೆ ಹತ್ತೋದು ಕೆಡುತ್ತಿತ್ತು. ಚೈನ್ ತೊಳೆದು ಎಣ್ಣೆ ಹಾಕಿದರೂ ಅಷ್ಟೆ. ಡಿರೇಲರ್ (ಚೈನನ್ನು ಪಕ್ಕಕ್ಕೆ ಸರಿಸುವ ಭಾಗ) ಮೇಲಿನ ಎಚ್, ಎಲ್ ಸ್ಕ್ರೂಗಳನ್ನು ಸುಮ್ನೆ ಮುಟ್ಟಬೇಡಿ. ಚೈನ್ ಎರಡು ತುದಿ ದಾಟದಂತೆ ತಡೆಯುವುದಷ್ಟೇ ಅವುಗಳ ಕೆಲಸ.

ಚೈನನ್ನು ಹತ್ತಿಸುವುದು ನಮ್ಮ ಬೆರಳಿನ ಬಲ, ಇಳಿಸುವುದು ಡಿರೇಲರ್‌ನ ಸ್ಪ್ರಿಂಗ್. ಕೇಬಲ್ ಎಲ್ಲಾದರೂ ಹಿಡಿದುಕೊಂಡರೆ ಸ್ಪ್ರಿಂಗ್‌ಗೆ ಅದನ್ನು ಎಳೆಯಲು ಆಗುವುದಿಲ್ಲ. ಬಿಚ್ಚಿ ನೋಡಿದಾಗ ಡಿರೇಲರ್ ಪಕ್ಕದ ಬಾಗಿದ ಔಟರ್ (ಕೇಬಲ್ ಹಾಯುವ ಹೊರಕೊಳವೆ) ತುಂಡಿನಿಂದ ಕಂದು ತುಕ್ಕಿನ ಪುಡಿ ಉದುರಿತು.

ಆ ತುಂಡನ್ನೂ ಒಳಗಿನ ಕೇಬಲನ್ನೂ ಬದಲಿಸಿದೆ. ಹಾಕಿದ್ದು 4 ಮಿ.ಮೀ. ಗೇರ್ ಔಟರ್. ಬ್ರೇಕ್ ಔಟರ್ ಬೇಡವೇ ಬೇಡ, ಒತ್ತಡಕ್ಕೆ ಕುಗ್ಗುತ್ತದೆ. ತುದಿಯನ್ನು ನೇರವಾಗಿ ಕತ್ತರಿಸಿ. ಕತ್ತರಿಸಿದಾಗ ಒಳಗಿನ ಪ್ಲಾಸ್ಟಿಕ್ ಕೊಳವೆ ಚಪ್ಪಟೆಯಾಗುತ್ತೆ ಅಲ್ವಾ, ಅದನ್ನು ದಬ್ಬಳದಿಂದ ಮತ್ತೆ ದುಂಡಗೆ ಮಾಡಿ. ಇದನ್ನು ಬಿಟ್ಟರೆ ಹೊಸ ಔಟರ್ ಕೂಡ ಕೇಬಲನ್ನು ಹಿಡಿಯುತ್ತದೆ. ಆಮೇಲೆ ತುದಿಗೆ ಟೋಪಿ ಹಾಕಿ.

ಚೈನ್ ಅತಿ ಸಣ್ಣ ಸ್ಪ್ರಾಕೆಟ್ ಮೇಲಿರಲಿ, ಶಿಫ್ಟರ್ (ಗೇರ್ ಬದಲಿಸುವ ಲಿವರ್) ಕೂಡ ಅದೇ ಗೇರಿನಲ್ಲಿರಲಿ. ಬ್ಯಾರಲನ್ನು ಪೂರ್ತಿ ಒಳಗೆ ತಿರುಗಿಸಿ, ಒಂದು ಸುತ್ತು ಹೊರಗೆ ತನ್ನಿ. ಕೇಬಲನ್ನು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು ಡಿರೇಲರ್‌ನಲ್ಲಿ ಅದನ್ನು ಹಿಡಿಯುವ ಬೋಲ್ಟ್ ಬಿಗಿ ಮಾಡಿ. ನನ್ನದಕ್ಕೆ 5 ಮಿ.ಮೀ. ಅಲೆನ್ ಕೀ. ಈಗ ಪೆಡಲ್ ತಿರುಗಿಸುತ್ತಾ ಶಿಫ್ಟರ್‌ನಲ್ಲಿ ಒಂದು ಕ್ಲಿಕ್. ಚೈನ್ ಎರಡನೆಯ ಸ್ಪ್ರಾಕೆಟ್‌ಗೆ ಹತ್ತದಿದ್ದರೆ ಬ್ಯಾರಲ್ ಕಾಲು ಸುತ್ತು ಹೊರಗೆ. ಮೂರನೆಯದಕ್ಕೆ ಉಜ್ಜಿ ಸದ್ದು ಬಂದರೆ ಕಾಲು ಸುತ್ತು ಒಳಗೆ. ನನಗೆ ಹೊರಗೆ ಅರ್ಧ ಸುತ್ತು ಸಾಕಾಯಿತು.