ವೀನಸ್ ಫ್ಲೈಟ್ರಾಪ್ ಬೆಳೆಸೋದಾದರೆ ಮೊದಲು ನೀರು ನೋಡಿ

ಹುಳ ಹಿಡಿದು ತಿನ್ನುವ ಈ ಗಿಡ ಮನೆಯಲ್ಲಿ ಸಾಯುವುದು ಹೆಚ್ಚಾಗಿ ನೀರಿನಿಂದ, ನೊಣ ಸಿಗದೆ ಅಲ್ಲ. ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಜೌಗು ನೆಲ, ಅಲ್ಲಿನ ಮಣ್ಣಿನಲ್ಲಿ ಸಾರ ತೀರಾ ಕಡಿಮೆ, ಅದಕ್ಕೇ ಅದು ಹುಳ ಹಿಡಿಯುತ್ತದೆ. ಲವಣ ಹೆಚ್ಚಿರುವ ಬೋರ್‌ವೆಲ್ ನೀರು ಬೇಡವೇ ಬೇಡ. ಮಳೆನೀರನ್ನೋ ಡಿಸ್ಟಿಲ್ಡ್ ವಾಟರನ್ನೋ ಕುಂಡದ ಕೆಳಗಿನ ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನಿಲ್ಲಿಸಿ. ಗೊಬ್ಬರ ಹಾಕಬೇಡಿ, ಪೀಟ್ ಮಾಸ್ (ಜೌಗಿನ ಪಾಚಿ ಕಳಿತು ಆದ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿ ನೆಟ್ಟರೆ ಸಾಕು. ದಿನಕ್ಕೆ 4-6 ಗಂಟೆ ನೇರ ಬಿಸಿಲು ಬೇಕು.

ಹುಳ ಹಿಡಿಯುವ ಎಲೆ ಬಾಯಿ ಮುಚ್ಚುವುದನ್ನು ನೋಡಲು ಸುಮ್ನೆ ಬೆರಳು ಹಾಕಬೇಡಿ, ಪ್ರತಿ ಸಲವೂ ಗಿಡದ ಶಕ್ತಿ ವ್ಯರ್ಥವಾಗುತ್ತದೆ. ಮಾಂಸದ ಚೂರೂ ಬೇಡ, ಕೊಳೆಯುತ್ತದೆ.

ಚಳಿಗಾಲದಲ್ಲಿ ಎಲೆ ಕಪ್ಪಾಗಿ ಗಿಡ ಕುಗ್ಗಿದರೆ ಸತ್ತೇ ಹೋಯಿತು ಅಂತ ದಯವಿಟ್ಟು ಎಸೆಯಬೇಡಿ! ಅದು 3-4 ತಿಂಗಳು ಮಲಗುವ ಕಾಲ. ತಂಪಾದ ಜಾಗದಲ್ಲಿಡಿ, ಮಣ್ಣು ಒಣಗದಷ್ಟು ತೇವ ಇರಲಿ, ತಟ್ಟೆ ತುಂಬಿಸಬೇಡಿ.