‘ಬರ್ಸ್ಟ್ ಇಂಟು’ ಮತ್ತು ‘ಬರ್ಸ್ಟ್ ಔಟ್’: ಬಳಸುವ ಬಗೆ

ಗೊಳೋ ಎಂದು ಅಳುವುದು, ಗೊಳ್ಳೆಂದು ನಗುವುದು, ಧಗ್ಗನೆ ಹೊತ್ತಿಕೊಳ್ಳುವುದು ಮುಂತಾದ ತಡೆಯಿಲ್ಲದ, ಹಠಾತ್ ಕ್ರಿಯೆಗಳನ್ನು ಇಂಗ್ಲಿಷಿನಲ್ಲಿ ಹೇಳಲು ‘ಬರ್ಸ್ಟ್’ ಕ್ರಿಯಾಪದವು ಬಹಳ ಉಪಯುಕ್ತವಾಗಿದೆ.

ಮೊದಲು ಗಮನಿಸಬೇಕಾದುದು ಅದರ ಮುಂದಿನ ಪದವನ್ನು. ‘ಇಂಟು’ ಬಂದರೆ ಅದರ ನಂತರ ನಾಮಪದ ಬರಬೇಕು: ‘ಷಿ ಬರ್ಸ್ಟ್ ಇಂಟು ಟಿಯರ್ಸ್’, ‘ದ ಕಾರ್ ಬರ್ಸ್ಟ್ ಇಂಟು ಫ್ಲೇಮ್ಸ್’. ‘ಔಟ್’ ಬಂದರೆ ‘ಇಂಗ್’ನಿಂದ ಕೊನೆಗೊಳ್ಳುವ ರೂಪ ಬರುತ್ತದೆ: ‘ದೇ ಬರ್ಸ್ಟ್ ಔಟ್ ಲಾಫಿಂಗ್’. ಕಲಿಯುವವರು ಇವೆರಡನ್ನೂ ಬೆರೆಸಿ ‘ಬರ್ಸ್ಟ್ ಇಂಟು ಕ್ರೈಯಿಂಗ್’ ಎಂದೋ ‘ಬರ್ಸ್ಟ್ ಔಟ್ ಟಿಯರ್ಸ್’ ಎಂದೋ ಬರೆಯುವುದುಂಟು. ಆದ್ದರಿಂದ ನಿಯಮವನ್ನು ಉರುಹೊಡೆಯುವುದಕ್ಕಿಂತ ‘ಇಂಟು ಟಿಯರ್ಸ್’, ‘ಇಂಟು ಲಾಫ್ಟರ್’, ‘ಇಂಟು ಅಪ್ಲಾಸ್’, ‘ಔಟ್ ಕ್ರೈಯಿಂಗ್’ ಎಂಬ ಜೋಡಿಗಳನ್ನೇ ಇಡಿಯಾಗಿ ನೆನಪಿಡುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಭೂತಕಾಲದಲ್ಲಿಯೂ ಈ ಪದ ‘ಬರ್ಸ್ಟ್’ ಆಗಿಯೇ ಉಳಿಯುತ್ತದೆ. ‘ಬರ್ಸ್ಟೆಡ್’ ಎಂಬುದು ಶಿಷ್ಟ ರೂಪವಲ್ಲ.

ಕಣ್ಣು ಮೆಲ್ಲನೆ ತುಂಬಿಬಂದ ಸಂದರ್ಭಕ್ಕೆ ಇದು ಸಲ್ಲದು, ಏಕೆಂದರೆ ತಡೆಹಿಡಿದದ್ದು ಒಮ್ಮೆಲೇ ಹೊರಬಿದ್ದ ತೀವ್ರತೆ ಇಲ್ಲಿ ಅಗತ್ಯ. ಮುಖದಲ್ಲಿ ನಗು ಅರಳಿದ್ದನ್ನು ಹೇಳಲು ‘ಬ್ರೋಕ್ ಇಂಟು ಎ ಸ್ಮೈಲ್’ ಸೂಕ್ತ. ಯುದ್ಧ ಅಥವಾ ಸಾಂಕ್ರಾಮಿಕ ರೋಗ ಆರಂಭವಾದುದಕ್ಕೆ ‘ಬ್ರೋಕ್ ಔಟ್’ ಬಳಸಬೇಕು.

ಅಭ್ಯಾಸಕ್ಕಾಗಿ, ಓದಿದ ಕಥೆಯೊಂದರಲ್ಲಿ ಪಾತ್ರವು ಇದ್ದಕ್ಕಿದ್ದಂತೆ ಅತ್ತ ಅಥವಾ ನಕ್ಕ ಪ್ರಸಂಗವನ್ನು ಆರಿಸಿ, ಅದನ್ನೇ ಒಮ್ಮೆ ‘ಇಂಟು’ ಬಳಸಿ, ಮತ್ತೊಮ್ಮೆ ‘ಔಟ್’ ಬಳಸಿ ಬರೆಯಿರಿ.